ಹೊತ್ತು ಹುಟ್ಟದ ಊರಲ್ಲಿ ಕಂಡ ಬೊಟ್ಟು

ಗುಬ್ಬಿ

ನಾರ್ವೆ ದೇಶಕ್ಕೆ ಹೋಗಿ ಬಂದಿರಂತಲ್ಲ, ಏನೇನು ನೋಡಿದಿರಿ ಎಂದು ಗುಬ್ಬಿಯಲ್ಲಿ ಎದುರಾದವರೆಲ್ಲ ಕೇಳುತ್ತಾರೆ. ನನ್ನ ಎದೆಯನ್ನೇ ನೋಡಿಕೊಂಡು ಬಂದೆ ಎಂದರೆ ನಗುತ್ತಾರೆ. ನಾನು ತಮಾಷೆಗೆ ಹೆಸರಾದವನು, ಹಾಗಾಗಿ ಅವರದು ತಪ್ಪಲ್ಲ. ಆದರೆ ಆ ಮಾತು ಮಾತ್ರ ತಮಾಷೆಯದಲ್ಲ.

ನನ್ನ ತಂಗಿ ಗೌರಮ್ಮನನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಅವಳ ಮಗಳು ನಂದಿನಿ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಎಕೋ ಮಾಡುವ ಕೆಲಸದಲ್ಲಿದ್ದಾಳೆ. ಎದೆಗೆ ತಣ್ಣನೆಯ ಜೆಲ್ ಬಳಿದು, ಮುಷ್ಟಿಯೊಳಗೆ ಹಿಡಿಸುವ ಪ್ರೋಬ್ ಒತ್ತಿ, ಒಳಗೆ ಹೃದಯ ಬಡಿಯುವುದನ್ನು ಪರದೆಯ ಮೇಲೆ ತೋರಿಸುತ್ತಾರಲ್ಲ, ಅದು. ಅವರ ಆಸ್ಪತ್ರೆಗೆ ಹೊಸ ಮೆಷಿನ್ ಬಂದಿತ್ತು. ಹೃದಯದ ಮಾಂಸ ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂದು ಇಂಚಿಂಚೂ ಅಳೆಯುವ ವಿದ್ಯೆ ಅದರಲ್ಲಿ ಇದೆಯಂತೆ. ಅದನ್ನು ಕಲಿತು ಬಾ ಎಂದು ಅವಳನ್ನು ನಾರ್ವೆಯ ಉತ್ತರ ತುದಿಯಲ್ಲಿರುವ ಟ್ರೊಮ್ಸೊ ಎಂಬ ಊರಿಗೆ ಕಳಿಸುವುದೆಂದಾಯಿತು.

ಹೆಂಡತಿ ಹೋದ ಮೇಲೆ ನಾನು ಒಂಟಿ. ಮಕ್ಕಳಿಲ್ಲ. ಇರುವುದೊಂದು ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಒಡೆಯದೆ ಒಳಗನ್ನು ತಿಳಿಯುವ ಈ ಕಸುಬು ನನಗೆ ಅಪ್ಪನಿಂದ ಬಂದದ್ದು.

"ಅಣ್ಣಯ್ಯ, ನೀನೂ ಜೊತೇಲಿ ಹೋಗು. ಕಾಯಿ ಅಲ್ಲಾಡ್ಸಿದ್ದು ಸಾಕು, ದೇಶ ನೋಡ್ಕಂಡು ಬಾ" ಎಂದಳು ಗೌರಮ್ಮ.

"ಅಟ್ಟದ ಏಣಿ ಹತ್ತೋಕೇ ಏದುಸಿರು ಬತ್ತದೆ, ದೇಶ ಎಲ್ಲಿಂದ ಹತ್ಲವ್ವ?"

ನಂದಿನಿ ಕಣ್ಣು ಮಿಟುಕಿಸಿದಳು. "ಹಳೇ ಮೆಷಿನ್ನಲ್ಲಿ ನಾನೇ ನೋಡಿದೀನಲ್ಲ ಮಾವ. ಪಂಪಿಂಗ್ ಚೆನ್ನಾಗೈತೆ. ಏದುಸಿರು ಬರೋದು ಹೊಟ್ಟೆಗೆ, ಎದೆಗಲ್ಲ."

ಎಲ್ಲರೂ ನಕ್ಕೆವು. ಆ ನಗುವಿನ ನಡುವೆ ಗೌರಮ್ಮನ ಕೈಯಿಂದ ಕಾಫಿ ಲೋಟ ಜಾರಿ ಠಣ್ಣೆಂದು ಬಿತ್ತು. "ಅಪ್ಪನ ಕೈ ಕಣಣ್ಣಯ್ಯ ನಂದು" ಎಂದು ಬೆರಳು ಒದರಿಕೊಂಡಳು. ನಮ್ಮ ಮನೆಯಲ್ಲಿ ಅದು ಹಳೆಯ ನಗೆಮಾತು. ನಮ್ಮಪ್ಪ ಸಿ.ಎಸ್. ಪುರದವರು. ಒಮ್ಮೆ ಯಡಿಯೂರಿನಲ್ಲಿ ಸ್ವಾಮಿಯ ಪೂಜೆಗೆ ಹಿಡಿದಿದ್ದ ಹಾಲಿನ ಬಟ್ಟಲು ಅವರ ಕೈಯಿಂದ ಹೊಸ್ತಿಲ ಮೇಲೆ ಬಿದ್ದುಹೋಯಿತು. ಸ್ವಾಮಿ ಮುನಿಸಿಕೊಂಡ, ಅದಕ್ಕೇ ಕೈ ಹಿಂಗಾಗಿದೆ ಎಂದು ಹಿರಿಯರು ಆಡಿಕೊಂಡರು. ಅಪ್ಪ ಮತ್ತೆಂದೂ ಯಡಿಯೂರಿನ ಮೆಟ್ಟಿಲು ತುಳಿಯಲಿಲ್ಲ. ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು.

ವಿಮಾನ ನಿಲ್ದಾಣ

ಕಲಿಸುವ ಡಾಕ್ಟರಮ್ಮನಿಗೆ ಕೊಡೋಣವೆಂದು ಚೆನ್ನಾಗಿ ಒಣಗಿದ ಒಂದು ಕಾಯಿ ಒಯ್ದಿದ್ದೆ. ನಾರ್ವೆಯಲ್ಲಿ ಇಳಿದಾಗ ಅಲ್ಲಿಯ ಅಧಿಕಾರಿ ಅದನ್ನೂ ನನ್ನ ವಿಭೂತಿ ಉಂಡೆಯನ್ನೂ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. ವಿಭೂತಿಯನ್ನು ಹಣೆಗೆ ಹಚ್ಚಿ ತೋರಿಸಿದೆ. ಅದು ಅವನಿಗೆ ಒಪ್ಪಿಗೆಯಾಯಿತು. ಕಾಯಿಯನ್ನು ಅವನ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ಲೊಡಕ್, ಲೊಡಕ್ ಎಂದಿತು. ಪಾಪ, ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಮಾವ, ನಮ್ಮಿಬ್ರನ್ನೂ ಒಳಗೆ ಹಾಕ್ತಾರೆ. ಕೈ ಸುಮ್ನೆ ಇಟ್ಕಳಿ" ಎಂದು ನಂದಿನಿ ನನ್ನ ತೋಳು ಜಗ್ಗಿದಳು. ಆಮೇಲೆ ಅವನೂ ಒಂದು ಸಾರಿ ಅಲ್ಲಾಡಿಸಿ, ಕೇಳಿ, ಏನೂ ಹೇಳದೆ ಬಿಟ್ಟುಬಿಟ್ಟ. ಈ ಏನೂ ಹೇಳದಿರುವುದು ಆ ದೇಶದವರ ಗುಣ ಎಂದು ಆಗ ನನಗೆ ಗೊತ್ತಿರಲಿಲ್ಲ.

ಟ್ರೊಮ್ಸೊ, ಮಧ್ಯಾಹ್ನ

ಆ ಊರಿನಲ್ಲಿ ಚಳಿಗಾಲದಲ್ಲಿ ಹೊತ್ತೇ ಹುಟ್ಟುವುದಿಲ್ಲ. ಕೇಳಿ ತಿಳಿದಿದ್ದೆ, ಆದರೆ ಕೇಳುವುದು ಬೇರೆ, ಅದರೊಳಗೆ ನಿಲ್ಲುವುದು ಬೇರೆ. ನಮ್ಮ ಕಡೆ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಅಲ್ಲಿ ಆಕಾಶ ನೀಲಿ ಮಸಿ ಕಲಸಿದ ನೀರಿನಂತಾಗುತ್ತದೆ. ಅಷ್ಟೇ ಬೆಳಕು. ಸ್ವಲ್ಪ ಹೊತ್ತಿಗೆ ಅದೂ ಇಂಗಿಹೋಗುತ್ತದೆ. ಹಿಮ ಸದ್ದನ್ನೆಲ್ಲ ನುಂಗಿಕೊಳ್ಳುವುದರಿಂದ ಪಕ್ಕದಲ್ಲಿ ಕಾರು ಹೋದರೂ ಕಣ್ಣಿಗೆ ಕಂಡ ಮೇಲೆಯೇ ತಿಳಿಯುವುದು.

ಮೊದಲ ದಿನವೇ ಒಬ್ಬನೇ ತಿರುಗಾಡಲು ಹೊರಟೆ. ಬೀದಿಯ ತುದಿಯಲ್ಲಿ ಒಂದು ಬೆಳಕಿನ ಚೂರು ಮೊಣಕಾಲೆತ್ತರದಲ್ಲಿ ತೂಗಾಡುತ್ತ ನನ್ನ ಕಡೆ ಬರುತ್ತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಆಳು ಮಾತ್ರ ಕಾಣಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕೆರೆ ಏರಿಯ ಮೇಲೆ ಓಡಾಡುವ ಕೊಳ್ಳಿದೆವ್ವದ ಕಥೆ ಹೇಳುತ್ತಿದ್ದಳು: ಬೆಂಕಿ ಕಾಣುತ್ತೆ ಕಣೋ, ಹಿಡಿದ ಕೈ ಕಾಣಲ್ಲ. ನಾನು ಗೋಡೆಗೆ ಬೆನ್ನು ಹಚ್ಚಿ, ಎದೆಯ ಮೇಲಿನ ಲಿಂಗ ಹಿಡಿದು ನಿಂತೆ. ಬೆಳಕುಗಳು ಹತ್ತಿರ ಬಂದವು, ದಾಟಿದವು. ಕಪ್ಪು ಕೋಟು ತೊಟ್ಟ ಹೆಂಗಸರು! ಕತ್ತಲಲ್ಲಿ ವಾಹನದವರಿಗೆ ಕಾಣಲೆಂದು ಅಲ್ಲಿ ಎಲ್ಲರೂ ಕೋಟಿನ ಅಂಚಿಗೆ ಹೊಳೆಯುವ ಬಿಲ್ಲೆ ನೇತುಹಾಕಿಕೊಳ್ಳುತ್ತಾರಂತೆ. ಒಬ್ಬರೂ ನನ್ನ ಕಡೆ ತಿರುಗಲಿಲ್ಲ, ಒಬ್ಬರೂ ಮಾತಾಡಲಿಲ್ಲ.

ನಂದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಯೊಳಗೆ ನನಗೂ ಒಂದು ಬಿಲ್ಲೆ ತಂದು ಕೋಟಿಗೆ ಸಿಕ್ಕಿಸಿದಳು. "ತಗಳಿ, ಈಗ ನೀವೂ ಅವರ ಕುಲಕ್ಕೆ ಸೇರಿದ್ರಿ."

ಮಾತಿಲ್ಲದ ಜನ

ಬಸ್ಸಿನಲ್ಲಿ ನಾನು ವಯಸ್ಸಾದ ಒಬ್ಬರ ಪಕ್ಕ ಕೂತು ನಮಸ್ಕಾರ ಮಾಡಿದೆ. ಅವರು ಎದ್ದು ಹೋಗಿ ಹಿಂದಿನ ಖಾಲಿ ಸೀಟಿನಲ್ಲಿ ಕೂತರು. ಸಿಟ್ಟಲ್ಲ, ಅದು ಅಲ್ಲಿನ ಮರ್ಯಾದೆ. ಜಾಗ ಖಾಲಿಯಿರುವಾಗ ಪಕ್ಕ ಕೂರುವುದು ಮೈಮೇಲೆ ಬಿದ್ದಂತೆ. ನಮ್ಮ ಗುಬ್ಬಿ ಬಸ್ಸಿನಲ್ಲಿ ತುಮಕೂರು ಬರುವುದರೊಳಗೆ ಪಕ್ಕದವರ ಮಗಳ ಬಾಣಂತನದವರೆಗೆ ಮಾತು ಮುಗಿದಿರುತ್ತದೆ!

ಇನ್ನೊಂದು ದಿನ ಕಾಫಿ ಅಂಗಡಿಯೊಂದರ ಹೊರಗೆ, ಹಿಮದಲ್ಲಿ, ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಹತ್ತಿರ ಯಾರೂ ಇಲ್ಲ. ಬಗ್ಗಿದರೆ ಒಳಗೆ ಉಸಿರಾಟ! ಮಕ್ಕಳು! ಕಂಬಳಿಯಲ್ಲಿ ಸುತ್ತಿ ಹೊರಗೆ ಮಲಗಿಸಿ, ತಾಯಂದಿರು ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು. ಚಳಿಗಾಳಿಯಲ್ಲಿ ಮಲಗಿದರೆ ಮಕ್ಕಳಿಗೆ ಒಳ್ಳೆಯ ನಿದ್ದೆ ಬರುತ್ತದಂತೆ. ಗಾಜಿನಾಚೆಯಿಂದ ಅವರೆಲ್ಲ ನನ್ನನ್ನೇ ನೋಡುತ್ತಿದ್ದರು, ತುಟಿ ಅಲ್ಲಾಡದೆ. ಆ ಚಿಕ್ಕ ಉಸಿರುಗಳ ನಡುವೆ ನಾನು ಕೈಕಟ್ಟಿ ನಿಂತಿದ್ದೆ.

ಮಂಚದ ಮೇಲೆ

ಕಲಿಸುವ ಡಾಕ್ಟರಮ್ಮನ ಹೆಸರು ಇಂಗ್ರಿಡ್. ನಾನು ಇಂಗ್ರಿಡಮ್ಮ ಎಂದೇ ಕರೆದೆ, ಅವರೂ ಓಗೊಟ್ಟರು. ಉದ್ದನೆಯ ಹೆಂಗಸು, ಬಿಳಿ ಕೂದಲು, ಮೆಲು ದನಿ. ಕಾಯಿ ಕೊಟ್ಟಾಗ ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದರು.

ಕಲಿಯುವವರು ಕೈ ಪಳಗಿಸಲು ಆರೋಗ್ಯವಂತರು ಬಂದು ಮಂಚದ ಮೇಲೆ ಮಲಗಬೇಕು. ಅವತ್ತು ಬರಬೇಕಾದ ಆಸಾಮಿ ಹಿಮದಲ್ಲಿ ಜಾರಿ ಬಿದ್ದು ಬರಲಿಲ್ಲ. ಮೂಲೆಯಲ್ಲಿ ಕೂತು ಬೇಸತ್ತಿದ್ದ ನಾನು, "ನಾನೇ ಮಲಿಕ್ಕತೀನಿ ಬುಡು" ಎಂದು ಅಂಗಿ ಬಿಚ್ಚಿದೆ. ಇಂಗ್ರಿಡಮ್ಮ ನನ್ನ ಮುಖ ನೋಡಿ ಏನೋ ಕೇಳಿದರು. ನಂದಿನಿ ನನ್ನ ಕಡೆ ತಿರುಗದೆ ತಾನೇ ಉತ್ತರ ಕೊಟ್ಟಳು.

"ಏನಂತೆ?"

"ಜೆಲ್ ತಣ್ಣಗಿರ್ತದೆ ಅಂತಾವ್ರೆ. ಎಡಕ್ಕೆ ತಿರುಗಿ ಮಾವ. ಉಸಿರು ಬಿಡಿ... ಹಂಗೇ ಹಿಡ್ಕಳಿ."

ಪರದೆಯ ಮೇಲೆ ನನ್ನ ಹೃದಯ ಬಂತು. ಜರಡಿ ಹಿಡಿದ ಹಿಟ್ಟಿನಂತೆ ಬೂದಿ ಬಣ್ಣದ ಚುಕ್ಕೆಗಳ ರಾಶಿ, ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ. ಮೆಷಿನ್ನಿನಿಂದ ಸದ್ದೂ ಬಂತು: ಹುಶ್... ಹುಶ್... ಕತ್ತಲ ಕೋಣೆಯಲ್ಲಿ ಇನ್ನೊಬ್ಬ ಯಾರೋ ಕಾಲೆಳೆದುಕೊಂಡು ನಡೆಯುತ್ತಿರುವಂತೆ. ಅದು ನಾನೇ ಎಂದು ನಂಬಲು ಕಷ್ಟವಾಯಿತು.

ನಂದಿನಿಗೆ ಮಾತೆಂದರೆ ಕೆರೆ ಕೋಡಿ ಬಿದ್ದ ಹಾಗೆ. "ನೋಡಿ ಮಾವ, ಒಂದೊಂದು ಚುಕ್ಕೇನೂ ಮೆಷಿನ್ನು ಹಿಂಬಾಲಿಸ್ತದೆ. ಎಷ್ಟು ದೂರ ಹೋಯ್ತು, ಎಷ್ಟು ವಾಪಸ್ ಬಂತು ಅಂತ. ತೋಟದ ಮೋಟ್ರು ನೀರು ಎತ್ತುತ್ತೆ, ತೊಟ್ಟಿ ತುಂಬ್ತದೆ. ಅಷ್ಟಕ್ಕೇ ಮೋಟ್ರು ಚೆನ್ನಾಗೈತೆ ಅನ್ನಂಗಿಲ್ಲ, ಒಳಗೆ ತಂತಿ ಸುತ್ತಿರೋ ಕಾಯಿಲು ಸುಡ್ತಾ ಇರಬಹುದು. ಹಳೇ ಮೆಷಿನ್ ನೋಡೋದು ತೊಟ್ಟಿ. ಇದು ಕಾಯಿಲು ನೋಡ್ತದೆ. ಕೊನೆಗೆ ಒಂದು ಬಣ್ಣದ ತಟ್ಟೆ ಬರ್ತದೆ. ಕಾಯಿ ಹೋಳನ್ನ ಮೇಲಿಂದ ನೋಡ್ದಂಗೆ. ಮಧ್ಯದಲ್ಲಿ ಹೃದಯದ ತುದಿ, ಸುತ್ತ ಗೋಡೆ. ಚೆನ್ನಾಗಿ ಕುಗ್ಗೋ ಜಾಗ ಕೆಂಪು."

ನನಗಿಂತ ಮುಂಚೆ ಮಲಗಿದ್ದ ವಿದ್ಯಾರ್ಥಿನಿಯ ತಟ್ಟೆ ಅಂಚಿನಿಂದ ಅಂಚಿನವರೆಗೆ ದಟ್ಟ ಕೆಂಪಾಗಿತ್ತು. ನನ್ನದು ಬಂತು. ಸುತ್ತ ಎಲ್ಲ ಬಿಳಿಚಿಕೊಂಡ ಬಣ್ಣ, ಅಲ್ಲಲ್ಲಿ ತಿಳಿ ನೀಲಿ. ನಟ್ಟನಡುವೆ ಮಾತ್ರ ದುಂಡಗೆ ಒಂದು ಕೆಂಪು.

"ಆಹಾ! ಆ ಹುಡುಗೀದು ಬಣ್ಣ ಬಳ್ದಂಗಿತ್ತು. ನಂದು ನೋಡವ್ವ, ಮುತ್ತೈದೆ ಹಣೇಗೆ ಕುಂಕುಮ ಇಟ್ಟಂಗೈತೆ!" ಎಂದು ಮಲಗಿದಲ್ಲೇ ಕೈಮುಗಿದೆ.

ಕೋಣೆ ಸುಮ್ಮನಿತ್ತು. ಆ ದೇಶದಲ್ಲಿ ಕೋಣೆಗಳು ಯಾವಾಗಲೂ ಸುಮ್ಮನಿರುತ್ತವೆ, ಅದರಿಂದ ಏನೂ ತಿಳಿಯಲಿಲ್ಲ. ಆದರೆ ಆ ಸುಮ್ಮನೆಯಲ್ಲಿ ನಂದಿನಿಯೂ ಸೇರಿಹೋಗಿದ್ದಳು. ಪ್ರೋಬ್ ಹಿಡಿದ ಅವಳ ಕೈ ನನ್ನ ಪಕ್ಕೆಯ ಮೇಲೆ ಹಾಗೇ ನಿಂತಿತ್ತು.

"ಯಾಕವ್ವ?"

"ಏನಿಲ್ಲ ಮಾವ. ಮೆಷಿನ್ ಸೆಟ್ಟಿಂಗ್ ಸರಿಯಿಲ್ಲ ಅನ್ಸುತ್ತೆ."

ದೀಪವಿಟ್ಟ ಸಮಾಧಿಗಳು

ಅಂದಿನಿಂದ ನಂದಿನಿ ನನ್ನನ್ನು ಬಯ್ಯುವುದನ್ನು ಬಿಟ್ಟಳು. ಉಪ್ಪಿನಕಾಯಿ ಎರಡು ಸಾರಿ ಹಾಕಿಕೊಂಡರೂ ಮಾತಿಲ್ಲ. ನನ್ನ ಕೈಚೀಲ ತಾನೇ ಹಿಡಿಯುತ್ತಾಳೆ, ಮೆಟ್ಟಿಲಲ್ಲಿ ತೋಳು ಕೊಡುತ್ತಾಳೆ. ಬಾಗಿಲಾಚೆ ಫೋನಿನಲ್ಲಿ "ಅಮ್ಮ" ಎಂದು ಶುರುಮಾಡಿದವಳು ನನ್ನ ನೆರಳು ಕಂಡರೆ "ಇಲ್ಲಿ ಸಿಕ್ಕಾಪಟ್ಟೆ ಚಳಿ" ಎಂದು ಮಾತು ತಿರುಗಿಸುತ್ತಾಳೆ.

ನಮ್ಮ ಕಡೆ ಕಾಯಿಲೆ ಎಂಬುದನ್ನು ಮೊದಲು ಮನೆಯವರಿಗೆ ಹೇಳುತ್ತಾರೆ. ಡಾಕ್ಟರು ಕಾರಿಡಾರಿಗೆ ಕರೆದು ಹೇಳುತ್ತಾರೆ, ಮನೆಯವರು ಮುಖ ಒರೆಸಿಕೊಂಡು ಒಳಗೆ ಬಂದು "ಗ್ಯಾಸ್ಟ್ರಿಕ್ ಅಂತೆ" ಎನ್ನುತ್ತಾರೆ. ನನ್ನ ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಕೂತು ನಾನೂ ಹಾಗೇ ಅಂದವನು. ಅದಕ್ಕೇ ನಂದಿನಿಯ ಸಕ್ಕರೆ ಮಾತು ನನಗೆ ಓದಲು ಬಂತು. ನನ್ನ ಎದೆಯಲ್ಲಿ ಏನೋ ಕೆಟ್ಟದ್ದು ಕಂಡಿದೆ. ಎಲ್ಲರಿಗೂ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ.

ಒಂದು ಮಧ್ಯಾಹ್ನ ಕೋಟು ಹಾಕಿಕೊಂಡು ಗೊತ್ತುಗುರಿಯಿಲ್ಲದೆ ನಡೆದೆ. ಒಂದು ಸ್ಮಶಾನ ಬಂತು. ಹಿಮದಲ್ಲಿ ಅರ್ಧ ಹೂತ ಕಲ್ಲುಗಳು, ಪ್ರತಿ ಕಲ್ಲಿನ ಬುಡದಲ್ಲೂ ಗಾಜಿನ ಗೂಡಿನೊಳಗೆ ಒಂದು ದೀಪ. ಹಚ್ಚಿದವರು ಯಾರೂ ಕಾಣಲಿಲ್ಲ. ಹಿಮದ ಮೇಲೆ ಹೆಜ್ಜೆ ಗುರುತೂ ಇರಲಿಲ್ಲ. ಹೊಸ ಹಿಮ ಬಿದ್ದು ಮುಚ್ಚಿಕೊಂಡಿರಬೇಕು ಎಂದು ಈಗ ಅಂದುಕೊಳ್ಳುತ್ತೇನೆ.

ಕಲ್ಲುಗಳ ನಡುವೆ ನಡೆಯುತ್ತಿದ್ದಾಗ ಹಿಂದೆ ಯಾರೋ ಬರುತ್ತಿರುವ ಸದ್ದು. ಹುಶ್... ಹುಶ್... ನಿಂತೆ. ಸದ್ದು ನಿಲ್ಲಲಿಲ್ಲ. ತಿರುಗಿದೆ. ದೀಪಗಳ ಹೊರತು ಏನಿಲ್ಲ. ಸದ್ದು ಹತ್ತಿರವೇ ಇದೆ, ಕಿವಿಯ ಪಕ್ಕದಲ್ಲೇ, ಕಾಲೆಳೆದುಕೊಂಡು. ಉಣ್ಣೆ ಟೋಪಿ ಕಿತ್ತು ತೆಗೆದೆ, ಸದ್ದು ಹೋಯಿತು. ಮತ್ತೆ ಹಾಕಿದೆ, ಬಂತು. ಕಿವಿಯ ಮೇಲೆ ಬಿಗಿದಿದ್ದ ಟೋಪಿಯೊಳಗೆ ನನ್ನದೇ ನಾಡಿ ಬಡಿಯುತ್ತಿತ್ತು.

ಒಂದು ಕಲ್ಲಿನ ಮುಂದೆ ಕೂತೆ. ಬಲಗೈ ಜೋಮು ಹಿಡಿದಿತ್ತು. ಒದರಿಕೊಂಡೆ. ಪಕ್ಕದಲ್ಲಿ ಅಪ್ಪ ಕೂತು ತಮ್ಮ ಕೈ ಒದರಿಕೊಳ್ಳುತ್ತಿದ್ದಾರೆ ಎಂದು ಬಲವಾಗಿ ಅನ್ನಿಸಿತು. ಆ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಇಂಗ್ರಿಡಮ್ಮನ ಕೋಣೆ

ಮಾರನೆಯ ದಿನ ಇಂಗ್ರಿಡಮ್ಮ ನನ್ನನ್ನು ಕರೆಸಿದರು. ನಂದಿನಿ ಪಕ್ಕದಲ್ಲಿ ಕೂತಳು. ಅವರು ಎದೆಯ ಸುದ್ದಿ ಎತ್ತಲೇ ಇಲ್ಲ. ನನ್ನ ಎರಡೂ ಕೈ ತೆಗೆದುಕೊಂಡು, ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ನಡುವೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಬೆರಳ ತುದಿಯವರೆಗೆ ಕರೆಂಟು ಹೊಡೆದಂತಾಯಿತು.

ನಂದಿನಿ ಕನ್ನಡಕ್ಕೆ ತಿರುಗಿಸುತ್ತ ಹೋದಳು. "ಕೈ ಜೋಮು ಹಿಡಿದು ನಿದ್ದೆಯಿಂದ ಎಚ್ಚರ ಆಗ್ತದಾ ಅಂತಾವ್ರೆ."

"ಆಗ್ತದೆ."

"ಎರಡೂ ಕೈಯಾ?"

"ಎರಡೂವೆ."

"ಕೈಯಿಂದ ಸಾಮಾನು ಜಾರ್ತದಾ? ಮನೇಲಿ ಇನ್ಯಾರಿಗಾದ್ರೂ ಹಿಂಗೆ..." ಅಲ್ಲಿಗೆ ಅವಳ ದನಿ ತಗ್ಗಿತು. "ನಿಮ್ಮಪ್ಪನಿಗೆ ಇತ್ತಾ ಅಂತ ಕೇಳ್ತಾವ್ರೆ ಮಾವ."

ನಾನು ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದೆ. ಭೂಮಿಯ ಈ ತುದಿಯಲ್ಲಿ, ಹೊತ್ತು ಹುಟ್ಟದ ಊರಿನಲ್ಲಿ, ನಮ್ಮಪ್ಪನ ಕೈ ಸುದ್ದಿ ಈಯಮ್ಮನಿಗೆ ಯಾರು ಹೇಳಿದರು?

"ನೀನ್ ಹೇಳಿದ್ಯಾ?"

"ತಾತನ ಕೈ ಸುದ್ದಿ ನಂಗೇ ಹೊಳೀಲಿಲ್ಲ ಮಾವ. ನಾನು ಯಾಕ್ ಹೇಳ್ಲಿ?"

ಯಡಿಯೂರಿನ ಹೊಸ್ತಿಲು, ಹಾಲಿನ ಬಟ್ಟಲು, ಎರಡು ಕೈಯಲ್ಲಿ ಹಿಡಿದ ಲೋಟ, ಎಲ್ಲ ಹೇಳಿದೆ. ಅಪ್ಪ ಹೇಗೆ ಹೋದರು ಎಂದು ಅವರು ಕೇಳಿದರು. ಅದನ್ನೂ ಹೇಳಿದೆ. ಹೆಬ್ಬೂರಿನಲ್ಲಿ ಬಸ್ಸು ಹತ್ತಿದರು, ಕಿಟಕಿಗೆ ತಲೆ ಇಟ್ಟು ಕೂತರು, ತುಮಕೂರು ಬಂತು, ಎಲ್ಲರೂ ಇಳಿದರು. ಅಪ್ಪ ಇಳಿಯಲಿಲ್ಲ. ನಿದ್ದೆ ಹೋಗಿದ್ದಾರೆ ಎಂದುಕೊಂಡು ಕಂಡಕ್ಟರು ಭುಜ ಮುಟ್ಟಿದನಂತೆ.

ತಾತನ ಸಾವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ ನಂದಿನಿಯ ಕಣ್ಣಲ್ಲಿ ನೀರು ಬಂತು.

"ಈಗ ನೀನು ನಂಗೆ ಹೇಳವ್ವ" ಎಂದೆ. "ಮೆಷಿನ್ ಸೆಟ್ಟಿಂಗ್ ಸುದ್ದಿ ಬೇಡ."

ಅವಳು ಹೇಳಿದಳು. ಮಂಚ ಹತ್ತಿದ ದಿನ ಇಂಗ್ರಿಡಮ್ಮ ನನ್ನನ್ನು ಕೇಳಿದ್ದು ಜೆಲ್ ಬಗ್ಗೆ ಅಲ್ಲ: ಅಕಸ್ಮಾತ್ ಏನಾದರೂ ಕಂಡರೆ ನಿಮಗೆ ತಿಳಿಸಬೇಕೇ ಎಂದು. ನಂದಿನಿ ನನ್ನನ್ನು ಕೇಳದೆ, ತನಗೆ ಹೇಳಿದರೆ ಸಾಕು ಎಂದಿದ್ದಳು. "ನಮ್ಮಲ್ಲಿ ಹಂಗೇ ಅಲ್ವಾ ಮಾವ. ನೀವು ಎದೆಗುಂದ್ತೀರ ಅಂತ."

ಇಂಗ್ರಿಡಮ್ಮ ನನ್ನ ಕಣ್ಣನ್ನೇ ನೋಡುತ್ತ ಮಾತಾಡಿದರು. ಮೈಯಲ್ಲಿ ಹುಟ್ಟುವ ಒಂದು ಪ್ರೋಟೀನು ಕೆಲವರಲ್ಲಿ ಕೆಟ್ಟು, ಹೃದಯದ ಮಾಂಸದೊಳಗೆ ಹೋಗಿ ಕೂರುತ್ತದೆ, ಗೋಡೆಯನ್ನು ಬಿರುಸು ಮಾಡುತ್ತದೆ. ಅಮೈಲಾಯ್ಡ್ ಎಂದು ಹೆಸರು. ತುದಿ ಮಾತ್ರ ಕೊನೆಯವರೆಗೆ ಚೆನ್ನಾಗಿ ಆಡುತ್ತಿರುತ್ತದೆ, ಅದಕ್ಕೇ ಸುತ್ತ ಬಿಳಿಚಿ ನಡುವೆ ಒಂದು ಕೆಂಪು ಬೊಟ್ಟು. ಎಷ್ಟೋ ವರ್ಷ ಮುಂಚೆಯೇ ಅದು ಮಣಿಕಟ್ಟಿನಲ್ಲಿ ಸೇರಿಕೊಂಡು ಕೈ ಜೋಮು ಹಿಡಿಸುವುದುಂಟು. ಪಟ ಒಂದನ್ನೇ ನಂಬುವ ಹಾಗಿಲ್ಲ, ಊರಿಗೆ ಹೋಗಿ ಇನ್ನೊಂದು ಸ್ಕ್ಯಾನು, ರಕ್ತಪರೀಕ್ಷೆ ಆಗಬೇಕು. ಕೂತದ್ದು ಸುಲಭವಾಗಿ ಹೋಗುವುದಿಲ್ಲ, ಆದರೆ ಇನ್ನಷ್ಟು ಕೂರದಂತೆ ತಡೆಯುವ ಮಾತ್ರೆ ಇದೆ. ಬೇಗ ಗೊತ್ತಾದಷ್ಟೂ ಒಳ್ಳೆಯದು.

ನಾನು ಮಂಗಳಕರವೆಂದು ಕೈಮುಗಿದದ್ದು ಅದಕ್ಕೆ.

ಆದರೆ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ನನ್ನ ಸಾವಲ್ಲ. ಅಪ್ಪನ ಮೇಲೆ ಯಡಿಯೂರು ಸ್ವಾಮಿ ಮುನಿಸಿಕೊಂಡೇ ಇರಲಿಲ್ಲ. ಒಬ್ಬ ಮನುಷ್ಯ ಅರ್ಧ ಆಯುಷ್ಯ ತನ್ನ ದೇವರಿಂದ ಮುಖ ಮರೆಸಿಕೊಂಡು ಬದುಕಿದ, ಮಣಿಕಟ್ಟಿನ ಕಾಯಿಲೆಗೆ.

ಏಳುವಾಗ ಇಂಗ್ರಿಡಮ್ಮ ಇನ್ನೊಂದು ಮಾತು ಕೇಳಿದರು. ನಂದಿನಿ ಅದನ್ನು ತಿರುಗಿಸಲಿಲ್ಲ.

"ಏನಂತವ್ವ?"

"ಅಪ್ಪನಿಂದ ಮಕ್ಕಳಿಗೆ ಬರೋದೂ ಉಂಟಂತೆ. ಒಡಹುಟ್ಟಿದವರು ಇದಾರಾ ಅಂತ."

ಅವತ್ತು ಗೌರಮ್ಮನ ಕೈಯಿಂದ ಬಿದ್ದ ಲೋಟದ ಠಣ್ ಎನ್ನುವ ಸದ್ದು ಆ ಮೌನದ ಕೋಣೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

ತುಮಕೂರು

ಬೆಂಗಳೂರಿನಲ್ಲಿ ಸ್ಕ್ಯಾನು ಆಯಿತು. ಇಂಗ್ರಿಡಮ್ಮ ಹೇಳಿದ್ದೇ ನಿಜ. ಮಾತ್ರೆ ಶುರುವಾಗಿದೆ. ಅಟ್ಟದ ಏಣಿಯನ್ನು ಈಗ ನಡುನಡುವೆ ನಿಂತು ಹತ್ತುತ್ತೇನೆ.

ಗೌರಮ್ಮನಿಗೆ ನನ್ನ ಸಂಗತಿ ಮಾತ್ರ ಗೊತ್ತಿತ್ತು. "ಸುಮ್ನೆ ಒಂದ್ಸಾರಿ ನೋಡಣ ಬಾ" ಎಂದು ಕರೆದೆವು. ಕುಣಿಗಲ್ ಬಸ್ಸಿನಲ್ಲಿ ಬಂದಿಳಿದವಳು ಮಗಳ ಕೋಣೆಗೆ ಬಂದು ಗೊಣಗಿದಳು. "ನಂಗೇನಾಗೈತೆ? ಗುಂಡುಕಲ್ಲಂಗಿದೀನಿ. ಹೊಸ ಮೆಷಿನ್ ಬಂದೈತೆ ಅಂತ ಬೀದೀಲಿ ಹೋಗೋರನ್ನೆಲ್ಲ ಮಲಗಿಸ್ಬೇಕೇನೇ?"

"ಮಾತಾಡ್ಬೇಡ ಕಣಮ್ಮ. ಎಡಕ್ಕೆ ತಿರುಗು. ಉಸಿರು ಬಿಡು... ಹಂಗೇ ಹಿಡ್ಕೊ."

ದೀಪ ಆರಿಸಿದರು. ಹೊರಗೆ ಸುಡುಬಿಸಿಲು, ಒಳಗೆ ಆ ದೇಶದ ಮಧ್ಯಾಹ್ನ. ಹುಶ್... ಹುಶ್... ಎಂದು ಕಾಲೆಳೆದು ನಡೆಯುವವನು ಇಲ್ಲಿಗೂ ಬಂದಿದ್ದ. ನಂದಿನಿ ಅಮ್ಮನಿಗೆ ಕಾಣದಂತೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ನಾನು ಕೈ ಚಾಚಿ ಅದನ್ನು ಗೌರಮ್ಮನ ಕಡೆಗೇ ತಿರುಗಿಸಿದೆ.

"ಮಾವ, ಬೇಡ."

"ಅವಳೆದೆ. ಅವಳೇ ನೋಡ್ಲಿ."

ಬೂದಿ ಬಣ್ಣದ ಚುಕ್ಕೆಗಳು ಆಡಿದವು. ಬಣ್ಣದ ತಟ್ಟೆ ಮೂಡಿತು. ಗೌರಮ್ಮ ಕತ್ತೆತ್ತಿ ನೋಡಿದಳು. ಅವಳ ಮುಖ ಅರಳಿತು.

"ಅಣ್ಣಯ್ಯ, ಇಲ್ನೋಡು! ಎಷ್ಟು ಚೆಂದಾಗೈತೆ. ಹಣೇಗೆ ಕುಂಕುಮ ಇಟ್ಟಂಗೆ!"

ನಂದಿನಿಯ ಕೈ ಅಮ್ಮನ ಪಕ್ಕೆಯ ಮೇಲೆ ನಿಂತುಬಿಟ್ಟಿತು. ಅವಳು ಬಾಯಿ ತೆರೆದಳು. ಯಾವ ಮಾತು ಬರುತ್ತದೆಂದು ನನಗೆ ಗೊತ್ತಿತ್ತು: ಮೆಷಿನ್ ಸೆಟ್ಟಿಂಗ್. ನಾನು ತಲೆ ಅಲ್ಲಾಡಿಸಿದೆ.

ಮಂಚದ ಅಂಚಿಗೆ ಕೂತು ತಂಗಿಯ ಎರಡೂ ಕೈ ತೆಗೆದುಕೊಂಡು ಅಂಗೈ ಮೇಲೆ ಮಾಡಿದೆ.

"ಗೌರಿ," ಎಂದೆ, "ಅಪ್ಪ ಅವತ್ತು ಹೆಬ್ಬೂರಲ್ಲಿ ಬಸ್ಸು ಹತ್ತಿದ್ರಲ್ಲ..."